ನೆಲದ ಮೇಣ

ಹದಿಮೂರು ವರ್ಷ ಆ ಸಭೆಯ ನಡಾವಳಿ ಬರೆದವಳು ನಾನು.
ಉದ್ದನೆಯ ಮೇಜು, ಹನ್ನೊಂದು ಕುರ್ಚಿ,
ಗೋಡೆಯ ಮೇಲೆ ಸಂಸ್ಥಾಪಕರ ಮೊದಲ ತಕ್ಕಡಿ,
ಕಿಟಕಿಯಾಚೆ ಸ್ವಾಬಿಯಾದ ಬೂದು ಗುಡ್ಡ.
ಸುತ್ತಿನ ಯಾವ ಮಾಂಸದಂಗಡಿಗೆ ಹೋದರೂ ಆಗ
ಸೊನ್ನೆಯಿಂದ ಏಳುತ್ತಿದ್ದದ್ದು ನಮ್ಮದೇ ಮುಳ್ಳು.
ಆರು ಸಾವಿರ ಸಂಬಳ, ತಿಂಗಳ ಕೊನೆಗೆ, ತಪ್ಪದೆ.

ವಾಲ್‌ಬುರ್ಗಾ ಶೆಂಪ್ ಒಳಬಂದದ್ದು ಅರವತ್ತೊಂಬತ್ತರ ಮಾರ್ಚಿನಲ್ಲಿ,
ಕೈಯಲ್ಲಿ ಒಂದು ಬ್ರೆಡ್ಡಿನ ಡಬ್ಬಿ.
ಡಬ್ಬಿಯೊಳಗೆ ಮುಳ್ಳಿಲ್ಲ, ಸ್ಪ್ರಿಂಗಿಲ್ಲ,
ಉಕ್ಕಿನ ಪಟ್ಟಿಗೆ ಅಂಟಿಸಿದ, ಕೂದಲಿಗಿಂತ ತೆಳು ತಂತಿ.
"ದಿನ ತುಂಬುವ ಮೊದಲೇ ಹುಟ್ಟಿದ ಕೂಸು
ತಕ್ಕಡಿಯ ಮೇಲೆ ಸುಮ್ಮನೆ ಮಲಗುವುದಿಲ್ಲ" ಎಂದಳು.
"ಒದೆಯುತ್ತದೆ. ಮುಳ್ಳು ಕುಣಿಯುತ್ತದೆ.
ದಾದಿ ಕಣ್ಣಂದಾಜಿನಲ್ಲಿ ಒಂದು ಅಂಕಿ ಬರೆಯುತ್ತಾಳೆ.
ಇದು ಅಷ್ಟೂ ಒದೆತವನ್ನು ಕಾದು, ಕೂಡಿ, ಸರಾಸರಿ ತೆಗೆದು
ಆಮೇಲೆ ಬಾಯಿ ಬಿಡುತ್ತದೆ."

ಯಾರೋ ನಕ್ಕರು. ಕೆಟ್ಟ ನಗುವಲ್ಲ.
ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸ,
ಅದನ್ನೇ ಮಾಡುತ್ತೇನೆಂದು ನಿಂತವಳನ್ನು ಕಂಡು
ಇನ್ನೇನು ಮಾಡಿಯಾರು?

ಡಾಕ್ಟರ್ ಕ್ನಾಪರ್ಟ್ ಪೆನ್ಸಿಲ್ ತೆಗೆದರು. "ವರ್ಷಕ್ಕೆ ಎಷ್ಟು?"
"ನಲವತ್ತು ಆಸ್ಪತ್ರೆ, ಮೊದಲ ವರ್ಷ."
"ಅಂಗಡಿ ತಕ್ಕಡಿ, ನಲವತ್ತೊಂದು ಸಾವಿರ."
ಪೆನ್ಸಿಲ್ ಕೆಳಗಿಟ್ಟರು.
ದಡ್ಡರಲ್ಲ ಅವರು, ನಾನು ಬಲ್ಲೆ.
ನನ್ನ ತಾಯಿ ತೀರಿಕೊಂಡಾಗ ಆ ಹನ್ನೊಂದರಲ್ಲಿ
ಒಂಬತ್ತು ಜನ ಮಣ್ಣಿಗೆ ಬಂದಿದ್ದರು.
ಆನೆ ತೂಗುವ ತಟ್ಟೆಯಲ್ಲಿ ಸಾಸಿವೆ ಇಟ್ಟು
ಮುಳ್ಳು ಅಲುಗಲಿಲ್ಲವಲ್ಲ ಎಂದರು, ಅಷ್ಟೆ.
ಅಲುಗಲಿಲ್ಲ ಎಂಬುದು ನಿಜವೂ ಆಗಿತ್ತು.
ನಾನು ಬರೆದೆ: ಮುಂದಿನ ಸಭೆಗೆ.

ಮುಂದಿನ ಸಭೆಗೆ. ಅದರ ಮುಂದಿನ ಸಭೆಗೆ.
ಬೇಡ ಎಂದು ಯಾರೂ ಒಮ್ಮೆಯೂ ಅನ್ನಲಿಲ್ಲ.
ಬೇಡ ಅನ್ನಲಿಕ್ಕೂ ಒಬ್ಬರ ಸಹಿ ಬೇಕಲ್ಲ.

ಈ ನಡುವೆ ಉಗ್ರಾಣದ ಒಟ್ಮಾರ್
ಬಾಯ್ಲರ್ ಕೋಣೆಯ ಪಕ್ಕ ಮುರಿದ ಪೆಟ್ಟಿಗೆಗಳನ್ನು ಸರಿಸಿ
ಅವಳಿಗೊಂದು ಮೇಜು ಹಾಕಿಕೊಟ್ಟ.
ತಂತಿ ಬೇಕೆಂದರೆ ತಂತಿ, ಅಂಟು ಬೇಕೆಂದರೆ ಅಂಟು.
ಪುಸ್ತಕದಲ್ಲಿ ಮಾತ್ರ, ತಿಂಗಳು ತಿಂಗಳೂ:
ನೆಲಕ್ಕೆ ಹಚ್ಚುವ ಮೇಣ, ಇಪ್ಪತ್ತು ಡಬ್ಬಿ.
ಅವಳ ಮೇಲಧಿಕಾರಿ ಹೈನ್‌ಲೆ ಮೂರು ವರ್ಷ ಆ ಮೆಟ್ಟಿಲು ಇಳಿಯಲಿಲ್ಲ.
ಮಂಡಿನೋವು ಎನ್ನುತ್ತಿದ್ದ.
ಭಾನುವಾರ ಅವನು ಗುಡ್ಡ ಹತ್ತುವುದನ್ನು ನಾನೇ ಕಂಡಿದ್ದೆ.
ಸಂಜೆ ಹೆರಿಗೆ ಆಸ್ಪತ್ರೆಯ ದಾದಿ ಸೈಕಲ್ಲಿನಲ್ಲಿ ಬಂದು
ಆ ದಿನ ಯಂತ್ರ ಎಲ್ಲೆಲ್ಲಿ ಸುಳ್ಳು ಹೇಳಿತೆಂದು
ಬೈದು ಹೋಗುತ್ತಿದ್ದಳು.
ನಮ್ಮ ಉದ್ದ ಮೇಜಿನ ಸುತ್ತ ಅಂಥ ಬೈಗುಳ
ಹದಿಮೂರು ವರ್ಷದಲ್ಲಿ ಒಂದೂ ದಾಖಲಾಗಿಲ್ಲ.

ಹದಿನಾಲ್ಕನೆಯ ಸಭೆ. ಶುಕ್ರವಾರ, ಊಟದ ಹೊತ್ತು ಮೀರಿತ್ತು.
ಅವಳ ವಿಷಯವೇ ಕೊನೆಯದು.
ಅಧ್ಯಕ್ಷರು ಗಡಿಯಾರ ನೋಡಿದರು,
ಉಳಿದವರು ಅಧ್ಯಕ್ಷರನ್ನು.
ಯಾರೂ ಏನೂ ಹೇಳಲಿಲ್ಲ.
ನಾನು ಬರೆದೆ: ಆಕ್ಷೇಪಣೆ ಇಲ್ಲ.
ಸುಳ್ಳಲ್ಲ. ಬೇಕಾದರೆ ತೂಗಿ ನೋಡಿ.

ಅವಳ ಕೂಸು ಬೆಳೆದು ಮಾಂಸದಂಗಡಿಗೂ ಬಂತು,
ಮುಳ್ಳಿನವೆಲ್ಲ ಗೋಡೆ ಸೇರಿದವು.
ಆಮೇಲೆ ನಾಲ್ಕನೇ ಮಹಡಿಯಲ್ಲಿ ಹೊಸತಿಗೆಂದೇ ಒಂದು ವಿಭಾಗ:
ಜಮಖಾನೆ, ಕುಂಡದಲ್ಲಿ ಗಿಡ, ಮೂರು ಪ್ರತಿಯ ಅರ್ಜಿ.
ಹೊಳೆದದ್ದನ್ನು ಬರೆಯಲು ನಾಲ್ಕು ಗೆರೆ,
ಲಾಭ ಬರೆಯಲು ಎರಡು ಪುಟ.
ಅಲ್ಲಿಂದ ಕೆಳಗಿಳಿದು ಬಂದ ವಸ್ತು ನನ್ನ ನೆನಪಿನಲ್ಲಿಲ್ಲ.
ಬಾಯ್ಲರ್ ಪಕ್ಕದ ಕೋಣೆಗೆ ಬೀಗ ಬಿತ್ತು, ಬೆಂಕಿಯ ಭಯಕ್ಕೆ.
ವಾಲ್‌ಬುರ್ಗಾ ಒಂದೂವರೆ ವರ್ಷ ಆ ಜಮಖಾನೆಯ ಮೇಲೆ ಕೂತು
ಕೊನೆಗೆ ಮೂವತ್ತು ಜನರ ಕಾರ್ಖಾನೆಯೊಂದಕ್ಕೆ ಹೊರಟುಹೋದಳು.

ಒಟ್ಮಾರ್ ನಿವೃತ್ತನಾಗುವ ವಾರ ಲೆಕ್ಕ ತಪಾಸಣೆಯವರು ಬಂದರು,
ಎಳೆ ಹುಡುಗರು, ಸಭ್ಯರು.
"ಮೂರು ವರ್ಷ, ಏಳುನೂರ ಇಪ್ಪತ್ತು ಡಬ್ಬಿ ಮೇಣ. ಯಾವ ನೆಲಕ್ಕೆ?"
ಒಟ್ಮಾರ್ ಟೋಪಿ ತೆಗೆದು ತಲೆ ತುರಿಸಿಕೊಂಡ.
"ಯಾಕೆ," ಎಂದ, "ಯಾರಾದರೂ ಜಾರಿ ಬಿದ್ದರೇ?"